ಅಧಿಕಾರವೆಂಬ ಅಮಾನತ್: ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ನಿಮ್ಮ ಕೈಕೆಳಗೆ ಎಷ್ಟು ಮಂದಿ ಕೆಲಸ ಮಾಡುತ್ತಾರೆ? ಯಾರೂ ಇಲ್ಲ ಎನ್ನಲು ಅವಸರಪಡಬೇಡಿ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗ, ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ತೋರಿಸುವ ಕೆಲಸಗಾರ, ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು, ಕಛೇರಿಯಲ್ಲಿ ನಿಮ್ಮ ಸಹಿಗಾಗಿ ಕಾದು ನಿಲ್ಲುವ ಗುಮಾಸ್ತ, ಇವರಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ದಿನದ ಎಂಟು ಹತ್ತು ಗಂಟೆಗಳು ನಿಮ್ಮ ಕೈಯಲ್ಲಿವೆ. ಅದೊಂದು ಅಮಾನತ್. ನಮಾಝ್ ಉಪವಾಸಗಳ ಲೆಕ್ಕದೊಂದಿಗೆ ಇದರ ಲೆಕ್ಕವನ್ನೂ ನಾಳೆ ಕೊಡಬೇಕಾಗಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಕೆಲಸದವರನ್ನು ನಡೆಸಿಕೊಳ್ಳುವ ರೀತಿಯನ್ನು ನಾವು ದೀನಿನ ವಿಷಯವೆಂದು ಬಗೆಯುವುದು ಕಡಿಮೆ. ಅದನ್ನು ವ್ಯಾಪಾರದ ಖಾತೆಗೆ ಬರೆದುಬಿಡುತ್ತೇವೆ.

ಸುಮಾರು 65 ಲಕ್ಷ ಜನರಿದ್ದ ಒಂದು ಸಂಸ್ಥಾನದ ಆಡಳಿತವನ್ನು 15 ವರ್ಷಗಳ ಕಾಲ ನಡೆಸಿದ ಒಬ್ಬ ಬೆಂಗಳೂರಿಗರ ಬಾಳನ್ನು ಈ ದೃಷ್ಟಿಯಿಂದ ನಿಮ್ಮ ಮುಂದಿಡಲು ಬಯಸುತ್ತೇನೆ. ಅವರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಅವರ ಹೆಸರು ನಿಮಗೆ ಗೊತ್ತಿರುತ್ತದೆ. ಬೃಂದಾವನದ ಹೂದೋಟ, ಅಗಲವಾದ ರಸ್ತೆಗಳು, ವೃತ್ತಗಳು, ಕಾರಂಜಿಗಳು ಎಂದೊಡನೆ ಹಿರಿಯರು ಅವರ ಹೆಸರೆತ್ತುತ್ತಾರೆ. ಆದರೆ ತೋಟಗಳನ್ನು ಬೆಳೆಸಿದ್ದು ಮಾಲಿಗಳು, ರಸ್ತೆಗಳನ್ನು ಹಾಕಿದ್ದು ಕೂಲಿಗಳು ಮತ್ತು ಇಂಜಿನಿಯರುಗಳು. ದಿವಾನರು ಮಾಡಿದ್ದು ಇಷ್ಟು ಜನರಿಂದ ಕೆಲಸ ಮಾಡಿಸುವ ಕೆಲಸ. ಅದನ್ನು ಅವರು ಹೇಗೆ ಮಾಡಿದರೆಂಬುದೇ ಇಲ್ಲಿ ನಮ್ಮ ವಿಷಯ.

ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್ ನಗರದಿಂದ ಬಂದ ಕುದುರೆ ವ್ಯಾಪಾರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಒಳ್ಳೆಯ ಕುದುರೆಗಳನ್ನು ಒದಗಿಸಿ ವಿಶ್ವಾಸ ಗಳಿಸಿದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರು. ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲೇ. ತಂದೆ ಅರಮನೆಯ ಸೇವೆಯಲ್ಲಿದ್ದರು. ಹೀಗಾಗಿ ಬಾಲಕನಿಗೆ ಒಂದು ಅಪರೂಪದ ಅವಕಾಶ ಒದಗಿತು. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಗೆ ಕುಳಿತು ಓದಲು ಆರಿಸಲಾದ ಕೆಲವೇ ಹುಡುಗರಲ್ಲಿ ಮಿರ್ಜಾ ಒಬ್ಬರಾದರು. ಸ್ಟೂವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿ ಅವರಿಗೆ ಶಿಕ್ಷಕರು. ಇಬ್ಬರು ಹುಡುಗರ ನಡುವೆ ವಯಸ್ಸಿನ ಅಂತರ ಒಂದು ವರ್ಷವೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಬಾಲ್ಯದ ಗೆಳೆಯ ಮುಂದೆ ಯಜಮಾನನಾದರೆ ಏನಾಗುತ್ತದೆಂದು ನಾವು ನಿತ್ಯ ನೋಡುತ್ತೇವೆ. ಒಂದೋ ಗೆಳೆತನದ ಸಲುಗೆಯಲ್ಲಿ ಕೆಲಸ ಕೆಡುತ್ತದೆ, ಇಲ್ಲವೇ ಕೆಲಸದ ಲೆಕ್ಕದಲ್ಲಿ ಗೆಳೆತನ ಮುರಿಯುತ್ತದೆ. ಪಾಲುಗಾರಿಕೆಯ ಅಂಗಡಿಗಳು ಎರಡೇ ರಮಝಾನ್ ಕಾಣದೆ ಒಡೆದುಹೋದುದನ್ನು ನೀವೂ ಬಲ್ಲಿರಿ. ಮಿರ್ಜಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆ ನೇರವಾಗಿ ದೊಡ್ಡ ಪದವಿಗೆ ಏರಲಿಲ್ಲ. 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಸೇರಿದರು. ಅನಂತರ ಅರಮನೆಯ ಕಛೇರಿಗೆ ಬಂದು ಹುಜೂರ್ ಸೆಕ್ರೆಟರಿಯಾದರು, ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. ದಿವಾನಗಿರಿ ಬಂದದ್ದು 1926ರ ಮೇ ತಿಂಗಳಲ್ಲಿ, ಸೇವೆಗೆ ಸೇರಿ 21 ವರ್ಷಗಳಾದ ಮೇಲೆ. ಆಗ ಅವರಿಗೆ 42 ವರ್ಷ. ಮಹಾರಾಜರು 1940ರಲ್ಲಿ ತೀರಿಕೊಳ್ಳುವ ತನಕ ಈ ಇಬ್ಬರ ನಡುವಿನ ವಿಶ್ವಾಸ ಮುರಿಯಲಿಲ್ಲ. ಬಾಲ್ಯದ ಸಲುಗೆ ಇದ್ದೂ ಒಂದೊಂದೇ ಮೆಟ್ಟಿಲು ಹತ್ತಿದ ಆ 21 ವರ್ಷಗಳು ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ನಮ್ಮಲ್ಲಿ ಮಗ ಕಾಲೇಜು ಬಿಟ್ಟ ಮಾರನೆಯ ದಿನವೇ ಅವನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ, 20 ವರ್ಷದಿಂದ ದುಡಿಯುತ್ತಿರುವವರಿಗೆ ಅವನನ್ನು ಸಾಹೇಬರೆಂದು ಕರೆಯಲು ಹೇಳುತ್ತೇವೆ. ಹಿಂದಿನ ಕೋಣೆಯಲ್ಲಿ ಒಂದು ವರ್ಷವಾದರೂ ಅವನು ಕೈ ಮಸಿ ಮಾಡಿಕೊಳ್ಳಲಿ.

ದಿವಾನರ ಆಡಳಿತಕ್ಕೆ ಒಳಪಟ್ಟ ಬೆಂಗಳೂರು ಈಗಿನಷ್ಟು ದೊಡ್ಡದಾಗಿರಲಿಲ್ಲ. ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಹಳೆಯ ಪೇಟೆ, 1892ರಲ್ಲಿ ಹುಟ್ಟಿದ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ, ಇವು ಮೈಸೂರು ಸರ್ಕಾರದ ಪಾಲು. ಈ ಬೀದಿಗಳಲ್ಲಿ ಬೆಳಗಿನ ಹೊತ್ತು ಕುದುರೆಯ ಮೇಲೆ ಕುಳಿತು ಸುತ್ತಾಡುವುದು ದಿವಾನರ ವಾಡಿಕೆಯಾಗಿತ್ತು. ಕುದುರೆ ವ್ಯಾಪಾರಿಯ ಮೊಮ್ಮಗನಿಗೆ ಸವಾರಿ ರಕ್ತದಲ್ಲೇ ಬಂದಿರಬೇಕು. ಆದರೆ ಅದು ಹವಾ ಸೇವನೆಯ ಸವಾರಿ ಮಾತ್ರವಾಗಿರಲಿಲ್ಲ. ಮೋರಿ ಕಟ್ಟಿಕೊಂಡಿದೆಯೇ, ಕಸ ಎತ್ತಿದ್ದಾರೆಯೇ, ನೆಟ್ಟ ಗಿಡಕ್ಕೆ ನೀರು ಬಿದ್ದಿದೆಯೇ ಎಂದು ಅವರ ಕಣ್ಣು ನೋಡುತ್ತಿತ್ತು. ದಿವಾನರೇ ಖುದ್ದಾಗಿ ಗಲ್ಲಿಗೆ ಬರಬಹುದು ಎಂಬುದು ನಗರದ ಅಧಿಕಾರಿಗಳಿಗೂ ಗೊತ್ತಿತ್ತು, ಪೊರಕೆ ಹಿಡಿದವನಿಗೂ ಗೊತ್ತಿತ್ತು.

ಇದನ್ನು ಓದುವಾಗ ನಿಮಗೆ ಖಲೀಫಾ ಉಮರ್(ರ)ರ ನೆನಪಾಗದಿರದು. ಮದೀನಾದ ಬೀದಿಗಳಲ್ಲಿ ರಾತ್ರಿ ಸುತ್ತಿ ಜನರ ಸ್ಥಿತಿಯನ್ನು ತಾವೇ ಕಂಡುಕೊಳ್ಳುತ್ತಿದ್ದ ಅವರ ಮುಂದೆ ಯಾವ ದಿವಾನರನ್ನೂ ನಿಲ್ಲಿಸಿ ಹೋಲಿಸಲು ಹೋಗುವುದಿಲ್ಲ. ಆದರೆ ದಾರಿ ಅದೇ. ಮೇಲಿರುವವನ ಕಿವಿಗೆ ಬರುವ ಸುದ್ದಿ ನಾಲ್ಕು ಬಾಯಿ ದಾಟಿ ಬಂದಿರುತ್ತದೆ. ಪ್ರತಿಯೊಂದು ಬಾಯಿಯೂ ತನ್ನ ತಪ್ಪನ್ನು ಉಳಿಸಿಕೊಂಡು ಇನ್ನೊಬ್ಬನ ತಪ್ಪನ್ನು ಮುಂದೆ ಕಳಿಸುತ್ತದೆ.

ನನ್ನ ತಂದೆ ಚಾಮರಾಜಪೇಟೆಯ ಒಂದು ಮರದ ಕೆಲಸದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಯಜಮಾನರು ದೇವಭಕ್ತರು, ಝಕಾತ್ ತಪ್ಪಿಸಿದವರಲ್ಲ. ಆದರೆ ಮುಂದಿನ ಕೋಣೆ ಬಿಟ್ಟು ಹಿಂದಿನ ಶೆಡ್ಡಿಗೆ ಅವರು ಬಂದದ್ದೇ ಅಪರೂಪ. ಮೇಸ್ತ್ರಿ ಹೇಳಿದ್ದೇ ಅವರಿಗೆ ಸತ್ಯ. ಮೇಸ್ತ್ರಿಯ ಮಾತು ಕೇಳಿ ಒಂದು ಶನಿವಾರದ ಬಟವಾಡೆಯ ಹೊತ್ತಿಗೆ ಒಬ್ಬ ಹಿರಿಯ ಬಡಗಿಯನ್ನು ಬಿಡಿಸಿದರು. ಅವರು ಕೆಲಸ ನಿಧಾನ ಮಾಡಿದ್ದು ನಿಜ. ಉಳಿ ಬಾಚಿಗಳು ಸವೆದು ಹೋಗಿದ್ದವು, ಹೊಸದು ಕೇಳಿ ಎರಡು ತಿಂಗಳಾಗಿತ್ತು, ಆ ಮಾತು ಮುಂದಿನ ಕೋಣೆಗೆ ತಲುಪಿಯೇ ಇರಲಿಲ್ಲ. ತಂದೆ ಇದನ್ನು ಹೇಳುವಾಗಲೆಲ್ಲ ಯಜಮಾನರನ್ನು ಬೈಯುತ್ತಿರಲಿಲ್ಲ. ಎದ್ದು ಬಂದು ಒಮ್ಮೆ ನೋಡಿದ್ದರೆ ಸಾಕಿತ್ತು ಎನ್ನುತ್ತಿದ್ದರು, ಅಷ್ಟೆ.

ನಾನೇನೂ ಉತ್ತಮನಲ್ಲ. ಸಂಜೆಯ ಮಕ್ತಬ್ ಒಂದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿದ್ದಾಗ, ಹಾಜರಿ ಪುಸ್ತಕದಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದನ್ನು ಕಂಡು ಅಲ್ಲಿನ ಎಳೆಯ ಉಸ್ತಾದರನ್ನು ಮೂರು ತಿಂಗಳು ತರಾಟೆಗೆ ತೆಗೆದುಕೊಂಡೆ. ಕೊನೆಗೆ ಒಂದು ಸಂಜೆ ಹೋಗಿ ನೋಡಿದರೆ ಕೋಣೆಯ ಒಂದೇ ಒಂದು ದೀಪ ಕೆಟ್ಟಿತ್ತು, ಮಕ್ಕಳು ಅಕ್ಷರ ಕಾಣದೆ ಮನೆಗೆ ಹೋಗುತ್ತಿದ್ದರು. ಅವರು ಸಂಕೋಚದಿಂದ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹತ್ತು ವರ್ಷ ಪ್ರವಾದಿವರ್ಯ(ಸ)ರ ಸೇವೆ ಮಾಡಿದ ಅನಸ್(ರ) ಒಂದು ಗದರಿಕೆಯನ್ನೂ ಕಾಣಲಿಲ್ಲವೆಂಬುದನ್ನು ನಾನೇ ಎಷ್ಟೋ ತರಗತಿಗಳಲ್ಲಿ ಪಾಠ ಹೇಳಿದ್ದೆ.

ಮಿರ್ಜಾರ ಬದುಕಿಗೆ ಮರಳೋಣ. ಎಲ್ಲವನ್ನೂ ಕಣ್ಣಾರೆ ನೋಡುವ ಈ ದಿವಾನರ ಆಡಳಿತಕ್ಕೂ ಒಂದು ದೊಡ್ಡ ಪೆಟ್ಟು ಬಿತ್ತು, ಅದೂ ಬೆಂಗಳೂರಿನ ನಡುಮಧ್ಯದಲ್ಲಿ. ಪದವಿಗೆ ಬಂದು ಎರಡು ವರ್ಷವಾಗಿತ್ತು. 1928ರಲ್ಲಿ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯವಾಗಿ ವಿವಾದ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಜುಲೈ ತಿಂಗಳ ಕೊನೆಗೆ ಅದು ಗಲಭೆಯಾಗಿ ಜನ ಗಾಯಗೊಂಡರು. ದಿವಾನರು ಮುಸ್ಲಿಮರೆಂಬುದನ್ನೇ ಮುಂದಿಟ್ಟುಕೊಂಡು ಟೀಕೆಗಳು ಬಂದವು. ಯಾವ ತೀರ್ಮಾನ ಮಾಡಿದರೂ ಅದರ ಹಿಂದೆ ಅವರ ಧರ್ಮವನ್ನು ಹುಡುಕುವ ಕಾಲ ಅದು. ಇಂಥ ಸ್ಥಿತಿಯ ಕಹಿ ಎಂಥದೆಂದು ನಿಮ್ಮಲ್ಲಿ ಹಲವರಿಗೆ ವಿವರಿಸಬೇಕಾಗಿಲ್ಲ.

ಆಡಳಿತ ಆ ವಿಷಯವನ್ನು ಚೆನ್ನಾಗಿ ನಿಭಾಯಿಸಿತೆಂದು ನಾನು ಹೇಳಲಾರೆ. ಶಾಲೆಯ ಅಂಗಳದಲ್ಲಿ ಹೊಗೆಯಾಡುವಾಗಲೇ ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡಿದ್ದರೆ ಅದು ಪೊಲೀಸರ ತನಕ ಹೋಗುತ್ತಿರಲಿಲ್ಲವೇನೋ. ಮೋರಿಯನ್ನು ಕಂಡ ಕಣ್ಣಿಗೂ ಜನರ ಮನಸ್ಸಿನೊಳಗಿನ ಕಾವು ಕಾಣದೆ ಹೋಗಬಹುದು. ಆದರೆ ಮುಂದೆ ನಡೆದುದನ್ನು ಗಮನಿಸಿ. ಗಲಭೆಯ ವಿಚಾರಣೆಗೆ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ. ಹಿಂದೆ ಇದೇ ಪದವಿಯಲ್ಲಿದ್ದವರು, ನಾಡೆಲ್ಲ ಗೌರವಿಸುವವರು, ಯಾರ ಮುಲಾಜಿಗೂ ಒಳಗಾಗದವರು. ತನ್ನ ಕಾಲದ ಆಡಳಿತದ ನಡೆಗಳನ್ನು ತೂಗಿ ನೋಡಲು ಅಂಥವರ ಕೈಗೆ ತಕ್ಕಡಿ ಹೋಗುವುದೆಂದರೆ ಯಾವ ಅಧಿಕಾರಿಗೂ ಸುಲಭದ ಮಾತಲ್ಲ. ನಿಮ್ಮ ಅಂಗಡಿಯಲ್ಲಿ ಒಂದು ಜಗಳವಾಗಿ ತಪ್ಪು ನಿಮ್ಮದೂ ಇರಬಹುದೆಂಬ ಮಾತು ಬಂದಾಗ, ತೀರ್ಪಿಗೆ ನೀವು ಯಾರನ್ನು ಕರೆಯುತ್ತೀರಿ? ನಿಮ್ಮ ಭಾವಮೈದುನನನ್ನೋ ಅಥವಾ ನಿಮ್ಮ ಮುಖ ನೋಡದೆ ಮಾತಾಡುವವರನ್ನೋ?

ಆ ಪೆಟ್ಟಿನ ನಂತರ ಮಿರ್ಜಾ ಇನ್ನೂ 13 ವರ್ಷ ದಿವಾನರಾಗಿದ್ದರು. ಒಂದು ಗುಂಪು ತನ್ನನ್ನು ಧರ್ಮದಿಂದ ಅಳೆಯಿತೆಂದು ಅವರೂ ಜನರನ್ನು ಹಾಗೆಯೇ ಅಳೆಯಲು ಹೊರಟಿದ್ದರೆ ಆ ವರ್ಷಗಳ ಕೆಲಸಗಳು ಆಗುತ್ತಿರಲಿಲ್ಲ. ಮೈಸೂರು ರಸ್ತೆಯ ಬಸ್ಸಿನಿಂದ ಇಳಿದು ನೀವು ನೋಡುವ ಪುರಭವನವನ್ನೇ ತೆಗೆದುಕೊಳ್ಳಿ. ಅದಕ್ಕೆ 1933ರಲ್ಲಿ ಅಡಿಗಲ್ಲು ಬಿದ್ದು 1935ರಲ್ಲಿ ಬಾಗಿಲು ತೆರೆಯಿತು. ಅದು ಹೊತ್ತಿರುವುದು ದಿವಾನರ ಹೆಸರನ್ನಲ್ಲ, ನಗರಸಭೆಯ ಅಧ್ಯಕ್ಷರಾಗಿದ್ದ ದಾನಿ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು. ಚಾಮರಾಜಪೇಟೆಯ ಒಂದು ರಸ್ತೆಗೂ ಅವರದೇ ಹೆಸರಿದೆ. ಊರಿನ ಸಿರಿವಂತರನ್ನು ಒಳ್ಳೆಯ ಕೆಲಸಕ್ಕೆ ಕೈಜೋಡಿಸುವಂತೆ ಒಲಿಸಿ, ಹೆಸರನ್ನು ಅವರಿಗೇ ಬಿಟ್ಟುಕೊಡುವುದು ಮಿರ್ಜಾರಿಗೆ ಕಷ್ಟವಾಗಲಿಲ್ಲ. ಕೋಟೆಯ ಬಳಿ ವಾಣಿವಿಲಾಸ ಆಸ್ಪತ್ರೆ ಬಾಗಿಲು ತೆರೆದದ್ದೂ ಅದೇ 1935ರಲ್ಲಿ. ನಮ್ಮ ತಾಯಂದಿರಲ್ಲಿ ಎಷ್ಟು ಮಂದಿ ಅಲ್ಲಿ ಹೆತ್ತರೋ ಲೆಕ್ಕವಿಲ್ಲ.

ಜನರನ್ನು ಆರಿಸುವ ವಿಷಯಕ್ಕೆ ಬಂದರೆ ಲಾಲ್‌ಬಾಗಿನ ಕಡೆ ಹೋಗಬೇಕು. ಅಲ್ಲಿ ತೋಟಗಳ ಮೇಲ್ವಿಚಾರಕರಾಗಿದ್ದವರು ಜರ್ಮನಿಯ ಕೃಂಬಿಗಲ್. 1908ರಲ್ಲೇ ಮೈಸೂರು ಸೇವೆಗೆ ಬಂದವರು. ಮೊದಲ ಮಹಾಯುದ್ಧ ನಡೆದಾಗ ಜರ್ಮನನೆಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟಿದ್ದರು. ಕೃಷ್ಣರಾಜಸಾಗರದ ಕೆಳಗೆ ಕಾಶ್ಮೀರದ ಶಾಲಿಮಾರಿನಂಥ ತೋಟವಾಗಬೇಕೆಂಬ ಕನಸು ದಿವಾನರದು. ಮಣ್ಣು, ಗಿಡ, ನೀರಿನ ತಿಳಿವಳಿಕೆ ಕೃಂಬಿಗಲ್ ಅವರದು. 1932ರಲ್ಲಿ ಅವರು ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು ನಮ್ಮ ನಾಡಿನವರೇ ಆದ ಎಚ್.ಸಿ. ಜವರಾಯ. ಭಾರತೀಯರೊಬ್ಬರು ಆ ಹುದ್ದೆಗೆ ಏರಿದ್ದು ಅದೇ ಮೊದಲು. ಹಾಗೆಂದು ಹಳಬರನ್ನು ಮರೆಯಲಿಲ್ಲ. ಕೃಂಬಿಗಲ್ ಅವರ ಸಲಹೆ ಆಮೇಲೂ ನಡೆಯಿತು. ಅವರು 1956ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

1939ರಲ್ಲಿ ಇನ್ನೊಬ್ಬ ಜರ್ಮನ್ ಬಂದರು. ಒಟ್ಟೋ ಕೋನಿಗ್ಸ್‌ಬರ್ಗರ್ ಎಂಬ ಈ ವಾಸ್ತುಶಿಲ್ಪಿ ಯಹೂದಿ ಮನೆತನದವರು. ಹಿಟ್ಲರನ ಕಾಲದಲ್ಲಿ ದೇಶ ಬಿಡಬೇಕಾಗಿ ಬಂದವರು. ಆಗ ಅವರಿಗೆ ಇನ್ನೂ 30 ದಾಟಿ ಸ್ವಲ್ಪವೇ ಆಗಿತ್ತು. ಮೈಸೂರು ಸರ್ಕಾರ ಅವರನ್ನು ತನ್ನ ಮುಖ್ಯ ವಾಸ್ತುಶಿಲ್ಪಿಯನ್ನಾಗಿ ಮಾಡಿಕೊಂಡಿತು. ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ನೀವು ಕಾಣುವ ಮಂಟಪ ಅವರು ರೂಪಿಸಿದ್ದು. ಮನೆಮಾರು ಕಳೆದುಕೊಂಡು ಬಂದವನಿಗೆ ಭಿಕ್ಷೆಯ ಬದಲು ತಕ್ಕ ಹುದ್ದೆಯನ್ನು ಕೊಟ್ಟ ಒಬ್ಬ ಮುಸ್ಲಿಮ್ ದಿವಾನರಿದ್ದರು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಮುಂದೆ ಭುವನೇಶ್ವರ ನಗರದ ನಕ್ಷೆ ಸಿದ್ಧಪಡಿಸಿದವರೂ ಇದೇ ಕೋನಿಗ್ಸ್‌ಬರ್ಗರ್.

ಒಂದು ಮಾತನ್ನು ಮುಚ್ಚಿಡಬಾರದು. ದಿವಾನರಿಗೆ ಗುಮ್ಮಟ, ಗೋಪುರ, ಅಲಂಕಾರಗಳೆಂದರೆ ಬಲು ಪ್ರೀತಿ. ಹೊಸ ಕಾಲದ ವಾಸ್ತುಶಿಲ್ಪಿಗೆ ಸರಳ ರೇಖೆಗಳೇ ಇಷ್ಟ. ಇಬ್ಬರ ಅಭಿರುಚಿ ಹೊಂದಲಿಲ್ಲ, ದಿವಾನರು ತಮ್ಮ ಅಭಿರುಚಿಯನ್ನು ಸುಮ್ಮನೆ ಬಿಡುವವರೂ ಆಗಿರಲಿಲ್ಲ. ಎಲ್ಲವನ್ನೂ ಕಣ್ಣಾರೆ ನೋಡುವವರಿಗೆ ಇದೊಂದು ರೋಗ ಅಂಟಿಕೊಳ್ಳುತ್ತದೆ. ನೋಡುವುದು ಹೋಗಿ ಕೈಹಾಕುವುದು ಬರುತ್ತದೆ. ಬಿರಿಯಾನಿಗೆ ಬಾಣಸಿಗರನ್ನು ಕರೆಸಿದ ಮೇಲೆ ಮನೆಯ ಯಜಮಾನ ಪದೇ ಪದೇ ದೇಗದ ಮುಚ್ಚಳ ತೆಗೆದರೆ ದಮ್ ಕೂರುವುದೇ? ನುರಿತವರನ್ನು ಆರಿಸಿದ ಮೇಲೆ ಏನು ಬೇಕೆಂದು ಹೇಳಬೇಕು, ಹೇಗೆಂಬುದನ್ನು ಅವರಿಗೇ ಬಿಡಬೇಕು. ಈ ವಿಷಯದಲ್ಲಿ ಮಂಡ್ಯದ ಕಡೆಯ ಉದಾಹರಣೆ ಹೆಚ್ಚು ಚೆನ್ನಾಗಿದೆ. ಕೃಷಿ ಇಲಾಖೆಯ ಡೈರೆಕ್ಟರಾಗಿದ್ದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಕಬ್ಬು ಮತ್ತು ಸಕ್ಕರೆಯ ಯೋಜನೆಗಾಗಿ ಪಟ್ಟು ಹಿಡಿದು ದುಡಿದರು. ದಿವಾನರ ಸರ್ಕಾರ ಅವರ ಬೆನ್ನಿಗೆ ನಿಂತಿತು. ಕಾಲುವೆಯ ನೀರು ಹರಿಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಮಂಡ್ಯದ ಜನ ಕೋಲ್ಮನ್ ಹೆಸರನ್ನು ಇಂದಿಗೂ ಆದರದಿಂದ ನೆನೆಯುತ್ತಾರೆ.

ಆ ಕಾಲದ ಕಾರ್ಖಾನೆಗಳನ್ನೆಲ್ಲ ಇಲ್ಲಿ ಎಣಿಸಲು ಹೋಗುವುದಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ, ಮಲ್ಲೇಶ್ವರದ ಅಂಚಿನಲ್ಲಿ 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಸೇರಿ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಇಷ್ಟು ಸಾಕು. ಮೈಸೂರು ಲ್ಯಾಂಪ್ಸಿನ ಯಂತ್ರಗಳು ನಿಂತು ಎಷ್ಟೋ ವರ್ಷಗಳಾದವು. ಆದರೆ ಅದರ ಸಂಬಳದಲ್ಲಿ ಓದಿ ಮುಂದೆ ಬಂದ ಮಕ್ಕಳು ಮಲ್ಲೇಶ್ವರ, ಯಶವಂತಪುರದ ಕಡೆ ಇಂದಿಗೂ ಸಿಗುತ್ತಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು ಅವರು ಕುಳಿತು ಕೇಳಿಸಿಕೊಂಡ ಗಂಟೆಗಳು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಿಂದ ನಡೆದುಬಂದದ್ದು. ಅದರ ಅಧ್ಯಕ್ಷ ಪೀಠ ದಿವಾನರದೇ. ಊರೂರಿನಿಂದ ಬಂದ ಸದಸ್ಯರು ಕೆರೆಯ ತೂಬಿನಿಂದ ಹಿಡಿದು ಕಂದಾಯದ ತನಕ ತಮ್ಮ ದೂರುಗಳನ್ನು ಅವರ ಎದುರಿಗೇ ಹೇಳುತ್ತಿದ್ದರು. ಆ ಸಭೆಗೆ ಸರ್ಕಾರವನ್ನು ಇಳಿಸುವ ಅಧಿಕಾರವಿರಲಿಲ್ಲ, ನಿಜ. ಪೂರ್ಣ ಜವಾಬ್ದಾರಿ ಸರ್ಕಾರ ಬೇಕೆಂಬ ಜನರ ಬೇಡಿಕೆಯನ್ನು ಮಿರ್ಜಾ ಬೇಗನೆ ಒಪ್ಪಿದವರೂ ಅಲ್ಲ. ಕಾಂಗ್ರೆಸ್ಸಿಗರಿಗೆ ಅವರ ಮೇಲೆ ಆ ಬಗ್ಗೆ ಆಕ್ಷೇಪವಿತ್ತು. ಆದರೂ ವರ್ಷ ವರ್ಷವೂ ದೂರುಗಳನ್ನು ಮುಖಾಮುಖಿ ಕೇಳುವ ಕಟ್ಟಳೆ ಒಂದಿತ್ತು. ನಿಮ್ಮ ಅಂಗಡಿಯಲ್ಲಿ ಅಂಥ ಒಂದು ದಿನವಿದೆಯೇ? ಈದ್ ದಿನ ಹೊಸ ಬಟ್ಟೆ ಕೊಟ್ಟು ಸಾಲಾಗಿ ನಿಲ್ಲಿಸಿ ಕೈಕುಲುಕುವ ದಿನವನ್ನು ನಾನು ಕೇಳುತ್ತಿಲ್ಲ. ಮುಂಗಡದ ಲೆಕ್ಕ, ರಜೆ, ಜುಮಾದ ಹೊತ್ತು, ಮಗುವಿನ ಕಾಯಿಲೆ, ಇವನ್ನು ಕೆಲಸಗಾರ ಹೆದರದೆ ಬಾಯಿಬಿಟ್ಟು ಹೇಳುವ ದಿನ.

1940ರ ಆಗಸ್ಟಿನಲ್ಲಿ ಮಹಾರಾಜರು ಗತಿಸಿದರು. ಹೊಸ ಮಹಾರಾಜ ಜಯಚಾಮರಾಜ ಒಡೆಯರೊಂದಿಗೆ ಹೊಂದಾಣಿಕೆಯಾಗದೆ 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. 15 ವರ್ಷ ಕುಳಿತ ಕುರ್ಚಿ ಅದು. ಮರುವರ್ಷ ಜೈಪುರ ಅವರನ್ನು ಕರೆಯಿತು. ಅಲ್ಲಿ ನಾಲ್ಕು ವರ್ಷ ಪ್ರಧಾನಿಯಾಗಿ ಆ ನಗರವನ್ನು ಬೆಳೆಸಿದರು. 1946ರಲ್ಲಿ ನಿಜಾಮರ ಹೈದರಾಬಾದಿಗೆ ಹೋದರು. ಅಲ್ಲಿ ಅವರನ್ನು ಎದುರಿಸಿದವರು ಮುಸ್ಲಿಮರೇ. ಇತ್ತಿಹಾದಿನ ಮುಖಂಡರಿಗೆ ಅವರ ಸಮಾಧಾನದ ನೀತಿ ಸರಿಕಾಣಲಿಲ್ಲ. ಬೆಂಗಳೂರಿನಲ್ಲಿ ಮುಸ್ಲಿಮನೆಂದು ಟೀಕೆಗೊಳಗಾದವರು ಹೈದರಾಬಾದಿನಲ್ಲಿ ಸಾಕಷ್ಟು ಮುಸ್ಲಿಮನಲ್ಲವೆಂದು ಟೀಕೆಗೊಳಗಾದರು. ತನ್ನ ಸಲಹೆಗೆ ಬೆಲೆಯಿಲ್ಲದ ಕಡೆ ಹುದ್ದೆಗಾಗಿ ಅಂಟಿಕೊಂಡಿರಲಿಲ್ಲ, ಒಂದು ವರ್ಷ ತುಂಬುವ ಮೊದಲೇ 1947ರಲ್ಲಿ ಬಿಟ್ಟು ಬಂದರು. ದೇಶದ ವಿಭಜನೆಯನ್ನು ಅವರು ಒಪ್ಪಿದವರಲ್ಲ. ಪಾಕಿಸ್ತಾನಕ್ಕೆ ಹೋಗದೆ ತಮ್ಮ ಊರಿನಲ್ಲೇ ಉಳಿದರು.

1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. 1959ರ ಜನವರಿ 5ರಂದು, 75ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ನಿಧನರಾದರು. ಜೈಪುರದಲ್ಲಿ ಇಂದಿಗೂ ಅಂಗಡಿಗಳು ಸಾಲುಗಟ್ಟಿರುವ ದೊಡ್ಡ ಬೀದಿಯೊಂದನ್ನು ಜನ ಎಂ.ಐ. ರೋಡ್ ಎನ್ನುತ್ತಾರೆ. ಅದು ಮಿರ್ಜಾ ಇಸ್ಮಾಯಿಲ್ ರಸ್ತೆ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಕಡೆ ನೀವು ಹೋದರೆ ಆ ಮಂಟಪದ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.